ರೆಕ್ಕೆಯನ್ನು ಓದುವುದು ಹೇಗೆ? ತೇಲುವ, ಹಾರುವ ಪ್ರಾಣಿಗಳ ಹಳೇ ಕಥೆ ಹುಡುಕಲು ಒಂದು ಕೈಪಿಡಿ

ಹಾರುವ ಪ್ರಾಣಿಗಳ ಮಾತು ಬಂದಾಗ ಯಾರಾದರೂ ಒಬ್ಬರು ಇದನ್ನು ಕೇಳೇ ಕೇಳುತ್ತಾರೆ. "ಪೂರ್ತಿ ರೆಕ್ಕೆ ಇದ್ದರೆ ಹಾರಬಹುದು, ಸರಿ. ಅರ್ಧ ರೆಕ್ಕೆ ಇಟ್ಟುಕೊಂಡು ಏನು ಮಾಡೋದು?" ಇದೇನೂ ಹೊಸ ಪ್ರಶ್ನೆಯಲ್ಲ. ಡಾರ್ವಿನ್ ತನ್ನ ವಿಕಾಸದ ವಿಚಾರವನ್ನು 1859ರಲ್ಲಿ ಪ್ರಕಟಿಸಿದ. 1871ರಲ್ಲಿ ಸೇಂಟ್ ಜಾರ್ಜ್ ಮೈವಾರ್ಟ್ ಎಂಬ ಪ್ರಾಣಿಶಾಸ್ತ್ರಜ್ಞ ಇದೇ ಧಾಟಿಯಲ್ಲಿ ತಕರಾರು ತೆಗೆದ. ಪೂರ್ತಿ ಬೆಳೆದ ಮೇಲಷ್ಟೇ ಉಪಯೋಗಕ್ಕೆ ಬರುವ ಅಂಗ ಶುರುವಿನಲ್ಲಿ ಉಳಿದುಕೊಂಡಿದ್ದಾದರೂ ಹೇಗೆ ಅಂತ.

ಪ್ರಶ್ನೆ ಒಳ್ಳೆಯದೇ. ಆದರೆ ಅದರೊಳಗೆ ಒಂದು ತಪ್ಪು ಲೆಕ್ಕ ಕೂತಿದೆ. ನಾವು ಅರ್ಧ ರೆಕ್ಕೆ ಅನ್ನುವುದು ಆ ಪ್ರಾಣಿಗೆ ಅರ್ಧವಾಗಿರಲಿಲ್ಲ. ಅದು ಬೇರೆ ಯಾವುದೋ ಕೆಲಸದ ಪೂರ್ತಿ ಅಂಗ. ಮೈ ಬೆಚ್ಚಗಿಡುವ ಹೊದಿಕೆ ಇರಬಹುದು, ಜೊತೆಗಾತಿಯನ್ನು ಸೆಳೆಯುವ ಅಲಂಕಾರ ಇರಬಹುದು, ಕೊಂಬೆಯಿಂದ ಜಾರಿ ಬಿದ್ದಾಗ ಎಲುಬು ಮುರಿಯದಂತೆ ನೋಡಿಕೊಳ್ಳುವ ಒಂದು ಚರ್ಮದ ಮಡಿಕೆ ಇರಬಹುದು. ಹಾರಾಟ ಆಮೇಲೆ ಬಂತು.

ಯಾವುದೇ ಹಾರುವ ಪ್ರಾಣಿ ಕಣ್ಣಿಗೆ ಬಿದ್ದರೂ, ಎದುರಿಗೇ ಆಗಲಿ ವಿಡಿಯೋದಲ್ಲೇ ಆಗಲಿ, ಅದರ ರೆಕ್ಕೆ ಎಲ್ಲಿಂದ ಬಂತು ಎಂದು ನೀವೇ ಹುಡುಕಬಹುದು. ಬೇಕಾಗುವ ಸಾಮಾನು ಕಮ್ಮಿ. ನಿಧಾನಗತಿಯ ವಿಡಿಯೋ ತೆಗೆಯುವ ಫೋನು, ನೆಲಕ್ಕೆ ಬಿದ್ದ ಒಂದು ಗರಿ, ಮತ್ತೆ ನಿಮ್ಮದೇ ಕೈ. ಗರಿಯನ್ನು ನೋಡಿ ಅಲ್ಲೇ ಬಿಟ್ಟುಬಿಡಿ, ಕೈ ತೊಳೆದುಕೊಳ್ಳಿ. ಕೆಲವು ದೇಶಗಳಲ್ಲಿ ಕಾಡುಹಕ್ಕಿಯ ಗರಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ.

ಮೊದಲ ಹೆಜ್ಜೆ: ಬೀಳುತ್ತಿದೆಯಾ, ತೇಲುತ್ತಿದೆಯಾ, ಹಾರುತ್ತಿದೆಯಾ?

ಹೆಸರನ್ನು ನಂಬಬೇಡಿ. ಹಾರುವ ಓತಿ, ಹಾರುವ ಕಪ್ಪೆ, ಹಾರುವ ಹಾವು, ಹಾರುಬೆಕ್ಕು, ಹಾರುವ ಮೀನು ಇವು ಯಾವುವೂ ಹಾರುವುದಿಲ್ಲ. (ಹಾರುಬೆಕ್ಕು ಅಂತೂ ಬೆಕ್ಕೂ ಅಲ್ಲ, ಅಳಿಲು.) ಇವೆಲ್ಲ ತೇಲಿಕೊಂಡು ಹೋಗುತ್ತವೆ, ಅಷ್ಟೇ.

ಗುರುತಿಸುವುದು ಸುಲಭ. ಪ್ರಾಣಿ ಹೊರಟ ಜಾಗಕ್ಕೂ ಇಳಿದ ಜಾಗಕ್ಕೂ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಗೆರೆ 45 ಡಿಗ್ರಿಗಿಂತ ಕಡಿದಾಗಿದ್ದರೆ ಅದು ಪ್ಯಾರಾಚೂಟ್ ಥರದ ಇಳಿತ, ಅಂದರೆ ಬೀಳುವುದನ್ನೇ ಸ್ವಲ್ಪ ನಿಧಾನ ಮಾಡಿಕೊಂಡಿದೆ. 45 ಡಿಗ್ರಿಗಿಂತ ಕಮ್ಮಿ ಇಳಿಜಾರಿದ್ದರೆ ತೇಲುವಿಕೆ. ಪರಿಣತರು ಬಳಸುವ ಗಡಿಯೂ ಇದೇ. ಇನ್ನು ತನ್ನದೇ ಸ್ನಾಯುಗಳಿಂದ ರೆಕ್ಕೆ ಬಡಿದು, ಗಾಳಿಯ ಸಹಾಯ ಇಲ್ಲದೆಯೂ ಎತ್ತರ ಉಳಿಸಿಕೊಂಡರೆ ಅಥವಾ ಮೇಲೇರಿದರೆ, ಅದು ನಿಜವಾದ ಹಾರಾಟ.

ಇಲ್ಲಿ ಎಡವುವವರು ಬಹಳ. ರಣಹದ್ದು ರೆಕ್ಕೆ ಬಡಿಯದೆ ಗಂಟೆಗಟ್ಟಲೆ ಮೇಲೇ ಇರುತ್ತದಲ್ಲ, ಅದೂ ತೇಲುವ ಪ್ರಾಣಿಯೇ ಅಲ್ವಾ ಅಂತ ಕೇಳುತ್ತಾರೆ. ಆ ಹೊತ್ತಿಗೆ ತೇಲುತ್ತಿರುವುದು ನಿಜ, ಬಿಸಿಗಾಳಿ ಅದನ್ನು ಮೇಲೆತ್ತುತ್ತಿದೆ. ಆದರೆ ಬೇಕಾದಾಗ ರೆಕ್ಕೆ ಬಡಿಯುವ ಸ್ನಾಯು, ಎಲುಬು ಎಲ್ಲ ಅದಕ್ಕಿದೆ. ಹಾರುಬೆಕ್ಕಿಗೆ ಅದಿಲ್ಲ. ಅದರ ಬಂಡವಾಳವೆಲ್ಲ ಹತ್ತಿದ ಮರದ ಎತ್ತರ. ಅಷ್ಟು ಎತ್ತರ ಖರ್ಚಾದರೆ ಆಟ ಮುಗೀತು, ಮತ್ತೆ ಹತ್ತಬೇಕು.

ನಿಜವಾಗಿ ಹಾರಲು ಕಲಿತ ಗುಂಪುಗಳು ಭೂಮಿಯ ಇತಿಹಾಸದಲ್ಲಿ ನಾಲ್ಕೇ ನಾಲ್ಕು. ಕೀಟಗಳು ಎಲ್ಲಕ್ಕಿಂತ ಮೊದಲು, 32 ಕೋಟಿ ವರ್ಷದಷ್ಟು ಹಳೆಯ ಪಳೆಯುಳಿಕೆಗಳಲ್ಲೇ ಅವಕ್ಕೆ ರೆಕ್ಕೆ ಇದೆ. ಆಮೇಲೆ ಟೆರೊಸಾರ್ ಎಂಬ ಸರೀಸೃಪಗಳು, ಸುಮಾರು 22 ಕೋಟಿ ವರ್ಷದ ಹಿಂದೆ. ಆಮೇಲೆ ಹಕ್ಕಿಗಳು, ಕೊನೆಗೆ ಬಾವಲಿಗಳು. ತೇಲುವುದನ್ನು ಮಾತ್ರ ಹತ್ತಾರು ಗುಂಪುಗಳು ತಮ್ಮಷ್ಟಕ್ಕೆ ತಾವು ಕಲಿತಿವೆ. ಈ ವ್ಯತ್ಯಾಸ ನೆನಪಿಡಿ. ತೇಲುವುದು ಅಗ್ಗ, ಹಾರುವುದು ದುಬಾರಿ.

ಎರಡನೇ ಹೆಜ್ಜೆ: ರೆಕ್ಕೆ ಯಾವ ಅಂಗದ್ದು?

ಈಗ ನಿಮ್ಮ ಕೈ ಚಾಚಿ. ತೋಳಿನಲ್ಲಿ ಒಂದು ಎಲುಬು, ಮುಂಗೈಯಲ್ಲಿ ಎರಡು, ಮಣಿಕಟ್ಟಿನಲ್ಲಿ ಒಂದಷ್ಟು ಚೂರು ಎಲುಬು, ಐದು ಬೆರಳು. ಟೆರೊಸಾರ್, ಹಕ್ಕಿ, ಬಾವಲಿ ಮೂರರ ರೆಕ್ಕೆಯೊಳಗೂ ಇದೇ ನಕ್ಷೆ. ಬಳಸಿಕೊಂಡ ರೀತಿ ಮಾತ್ರ ಬೇರೆ ಬೇರೆ.

ಉಂಗುರದ ಬೆರಳು ನಿಮ್ಮ ಇಡೀ ದೇಹದಷ್ಟು ಉದ್ದ ಬೆಳೆದಿದೆ ಅಂದುಕೊಳ್ಳಿ. ಅದರ ತುದಿಯಿಂದ ಮೈವರೆಗೆ ಚರ್ಮ ಹಾಸಿದೆ. ಅದು ಟೆರೊಸಾರ್. ಒಂದೇ ಬೆರಳಿನ ಮೇಲೆ ಇಡೀ ರೆಕ್ಕೆ ನಿಂತಿತ್ತು, ಹಾಗೇ ಕ್ವೆಟ್ಜಾಲ್ಕೋಟ್ಲಸ್ ಎಂಬ ಪ್ರಾಣಿಯ ರೆಕ್ಕೆಗಳ ಹರವು ಸುಮಾರು 10 ಮೀಟರ್ ತಲುಪಿತು. ಈಗ ಹೆಬ್ಬೆರಳನ್ನು ಬಿಟ್ಟು ಉಳಿದ ನಾಲ್ಕೂ ಬೆರಳು ಉದ್ದವಾಗಿ, ನಡುವೆ ಕೊಡೆಯ ಬಟ್ಟೆಯಂತೆ ಚರ್ಮ ಬಿಗಿದಿದೆ ಅಂದುಕೊಳ್ಳಿ. ಇದು ಬಾವಲಿ. ಹೆಬ್ಬೆರಳು ಬಿಡಿಯಾಗಿಯೇ ಉಳಿದು ಕೊಕ್ಕೆಯಂತೆ ಕೆಲಸ ಮಾಡುತ್ತದೆ. ಹಕ್ಕಿಯಲ್ಲಿ ಉಲ್ಟಾ, ಬೆರಳುಗಳೇ ಕಮ್ಮಿಯಾಗಿ, ಉಳಿದವೂ ಬೆಸೆದುಕೊಂಡು ಗಿಡ್ಡವಾಗಿವೆ. ರೆಕ್ಕೆಯ ಅಗಲವೆಲ್ಲ ಗರಿಯದ್ದು.

ತೇಲುವ ಪ್ರಾಣಿಗಳಲ್ಲಿ ಇನ್ನೂ ಮಜಾ ಇದೆ. ಹಾರುವ ಓತಿಯ ರೆಕ್ಕೆಗೂ ಕಾಲಿಗೂ ಸಂಬಂಧವೇ ಇಲ್ಲ. ಅದರ ಕೆಲವು ಪಕ್ಕೆಲುಬುಗಳು ಮೈಯಿಂದ ಆಚೆ ಚಾಚಿಕೊಂಡಿವೆ, ಅವುಗಳ ಮೇಲೆ ತೆಳು ಚರ್ಮ. ಕೂತಾಗ ಬೀಸಣಿಗೆಯಂತೆ ಮಡಚಿ ಮೈಗೆ ಅಂಟಿಸಿಕೊಂಡಿರುತ್ತದೆ, ಪಕ್ಕದಲ್ಲೇ ಇದ್ದರೂ ಬರೀ ತೊಗಟೆ ಅನಿಸುತ್ತದೆ. ನಿಧಾನಗತಿಯ ವಿಡಿಯೋ ಸಿಕ್ಕರೆ ಅದು ಹಾರಿದ ಕ್ಷಣದಲ್ಲಿ ನಿಲ್ಲಿಸಿ, ಮುಂಗಾಲುಗಳನ್ನು ನೋಡಿ. ಪಕ್ಕೆ ಬಿಚ್ಚಿಕೊಂಡ ಕೂಡಲೇ ಎರಡೂ ಮುಂಗಾಲು ಹಿಂದಕ್ಕೆ ಹೋಗಿ ಪೊರೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತವೆ, ಸೆರಗು ಹಿಡಿದ ಹಾಗೆ. ಇಳಿಯುವ ಹೊತ್ತಿಗೆ ಕೈ ಬಿಟ್ಟು ಮುಂದಕ್ಕೆ ಚಾಚುತ್ತದೆ. ಇಷ್ಟು ಸಣ್ಣ ವಿಷಯ ವಿಜ್ಞಾನಿಗಳ ವರದಿಯಾಗಿ ಬಂದದ್ದು 2017ರಲ್ಲಿ!

ಹಾರುವ ಕಪ್ಪೆಗೆ ಕಾಲ್ಬೆರಳುಗಳ ನಡುವಿನ ಜಾಲಪೊರೆಯೇ ರೆಕ್ಕೆ. ಹಾರುವ ಮೀನಿಗೆ ಎದೆಯ ಈಜುರೆಕ್ಕೆ. ಹಾರುವ ಹಾವಿಗೆ ಇದ್ಯಾವುದೂ ಇಲ್ಲ. ಅದು ಪಕ್ಕೆಲುಬು ಅಗಲಿಸಿ ಇಡೀ ಮೈಯನ್ನೇ ಚಪ್ಪಟೆ ಮಾಡಿಕೊಳ್ಳುತ್ತದೆ, ಹೊಟ್ಟೆಯ ಕಡೆ ಸ್ವಲ್ಪ ತಗ್ಗಾಗುತ್ತದೆ, ಆಮೇಲೆ ಗಾಳಿಯಲ್ಲಿ ಈಜುವಂತೆ ಮೈ ಅಲೆಸುತ್ತಾ ಹೋಗುತ್ತದೆ.

ಹಾಗಾಗಿ ಈ ಹೆಜ್ಜೆಯಲ್ಲಿ ಬರೆದುಕೊಳ್ಳಬೇಕಾದ್ದು ಒಂದೇ ಸಾಲು: ಇದು ಬೆರಳಾ, ಪಕ್ಕೆಲುಬಾ, ಚರ್ಮವಾ, ಗರಿಯಾ, ಇಡೀ ಮೈಯಾ?

ಮೂರನೇ ಹೆಜ್ಜೆ: ಮೊದಲು ಇದರ ಕೆಲಸ ಏನಿತ್ತು?

ಇಡೀ ಕೈಪಿಡಿಯ ತಿರುಳು ಇಲ್ಲೇ ಇರುವುದು, ಅದಕ್ಕೇ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಆ ಗರಿ ತೆಗೆದುಕೊಳ್ಳಿ. ರೆಕ್ಕೆಯ ದೊಡ್ಡ ಗರಿಯಾದರೆ ಒಳ್ಳೆಯದು. ನಡುವಿನ ಕಡ್ಡಿಯ ಎರಡೂ ಬದಿ ಒಂದೇ ಅಗಲ ಇದೆಯಾ ನೋಡಿ. ಇರುವುದಿಲ್ಲ. ಒಂದು ಬದಿ ಕಿರಿದು, ಇನ್ನೊಂದು ಅಗಲ. ಕಿರಿದಾದ ಬದಿ ಗಾಳಿಗೆ ಎದುರಾಗಿರುತ್ತದೆ. ಈಗ ಎರಡು ಬೆರಳಲ್ಲಿ ಗರಿಯ ಎಳೆಗಳನ್ನು ಮೆಲ್ಲಗೆ ಬಿಡಿಸಿ. ಸಣ್ಣಗೆ ಹರಿದಂತಾಗಿ ಸಂದು ಬೀಳುತ್ತದೆ. ಬುಡದಿಂದ ತುದಿ ಕಡೆಗೆ ಒಮ್ಮೆ ಸವರಿ. ಮತ್ತೆ ಕೂಡಿಕೊಂಡಿತು! ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳು ಜಿಪ್ಪಿನಂತೆ ಸಿಕ್ಕಿಕೊಳ್ಳುವುದರಿಂದ ಹಾಗೆ. ಹಕ್ಕಿ ದಿನವಿಡೀ ಕೊಕ್ಕಿನಿಂದ ಪುಕ್ಕ ತೀಡುತ್ತಾ ಕೂರುವುದಕ್ಕೆ ಇದೂ ಒಂದು ಕಾರಣ. ಬಿಚ್ಚಿದ ಜಿಪ್ಪುಗಳನ್ನು ಹಾಕುತ್ತಿದೆ.

ಇಂಥ ಕುಸುರಿ ಕೆಲಸ ನೋಡಿದರೆ ಗರಿ ಹಾರಲೆಂದೇ ಹುಟ್ಟಿತು ಅನಿಸುವುದು ಸಹಜ. ಆದರೆ 1996ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತ್ಯದಿಂದ ಬಂದ ಸೈನೊಸಾರೊಟೆರಿಕ್ಸ್ ಎಂಬ ಪುಟ್ಟ ಡೈನೋಸಾರ್ ಆ ಅನಿಸಿಕೆಯನ್ನು ಮುರಿಯಿತು. ಗಿಡ್ಡ ಕೈ, ಹಾರುವ ಪ್ರಶ್ನೆಯೇ ಇಲ್ಲ, ಆದರೂ ಬೆನ್ನುದ್ದಕ್ಕೂ ಕೂದಲಿನಂಥ ಸರಳ ಪುಕ್ಕ. 2010ರಲ್ಲಿ ಆ ಪುಕ್ಕದೊಳಗಿನ ಬಣ್ಣದ ಕಣಗಳ ಗುರುತನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬಾಲದ ಮೇಲೆ ಕೆಂಗಂದು ಮತ್ತು ತಿಳಿ ಬಣ್ಣದ ಪಟ್ಟೆಗಳಿದ್ದವು ಅಂತಲೂ ಹೇಳಿದರು. ಮೈ ಬೆಚ್ಚಗಿಡುವುದು, ತೋರಿಸಿಕೊಳ್ಳುವುದು, ಗರಿಯ ಹಳೇ ಕೆಲಸ ಇಂಥವೇ ಇರಬೇಕು. ಹಾರಾಟಕ್ಕೆ ಗರಿ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್ ಆಗಿ.

ಹಕ್ಕಿಯ ಟೊಳ್ಳು ಎಲುಬೂ ಅಷ್ಟೇ. ಹಾರಲು ಹಗುರವಾಗಬೇಕು, ಅದಕ್ಕೇ ಎಲುಬು ಟೊಳ್ಳಾಯಿತು ಎಂದು ಶಾಲೆಯಲ್ಲಿ ನಾನೂ ಬಾಯಿಪಾಠ ಮಾಡಿದ್ದೆ. ಆದರೆ ನೆಲದ ಮೇಲೆ ಓಡಾಡಿಕೊಂಡಿದ್ದ ಭಾರಿ ಡೈನೋಸಾರ್‌ಗಳಲ್ಲೇ ಗಾಳಿ ತುಂಬಿದ ಎಲುಬುಗಳಿದ್ದವು. ಮನೆಗೆ ಮೊದಲೇ ಬಂದಿದ್ದ ಸಾಮಾನು ಆಮೇಲೆ ಬೇರೆ ಕೆಲಸಕ್ಕೆ ಒದಗಿತು.

ಹುಡುಕುವ ದಾರಿ ಇದು: ಆ ಪ್ರಾಣಿಯ ಹಾರದ ಹತ್ತಿರದ ನೆಂಟರು ಯಾರು ಎಂದು ನೋಡಿ. ಅವರಲ್ಲಿ ಅದೇ ಅಂಗ ಏನು ಮಾಡುತ್ತಿದೆ? ಹಾರುವ ಕಪ್ಪೆಯ ನೆಂಟರಲ್ಲಿ ಜಾಲಪೊರೆ ಇರುವುದು ಈಜಲು. ಹಾರುವ ಮೀನಿನ ನೆಂಟರಲ್ಲಿ ಎದೆಯ ಈಜುರೆಕ್ಕೆ ನೀರಲ್ಲಿ ತಿರುಗಲು. ಡಾರ್ವಿನ್ ಕೂಡ ಇದೇ ದಾರಿ ಹಿಡಿದಿದ್ದ. ಅಳಿಲುಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನೋಡಿ ಅಂದ. ಬಾಲ ಸ್ವಲ್ಪ ಚಪ್ಪಟೆ ಇರುವ ಅಳಿಲು, ಪಕ್ಕೆಯ ಚರ್ಮ ಸ್ವಲ್ಪ ಸಡಿಲ ಇರುವ ಅಳಿಲು, ಕೊನೆಗೆ ಕೈಕಾಲಿನ ನಡುವೆ ಪೂರ್ತಿ ಪೊರೆ ಇರುವ ಹಾರುಬೆಕ್ಕು. ಸಾಲಿನಲ್ಲಿ ಇರುವ ಪ್ರತಿಯೊಂದೂ ಅದರದರ ಕಾಡಿನಲ್ಲಿ ಆರಾಮಾಗಿ ಬದುಕುತ್ತಿದೆ.

ನಾಲ್ಕನೇ ಹೆಜ್ಜೆ: ನಡುವಿನ ಒಂದೊಂದು ಹಂತಕ್ಕೂ ಲಾಭ ತೋರಿಸಿ

ನೀವು ಕಟ್ಟಿದ ಕಥೆಯಲ್ಲಿ ಒಂದು ಹಂತವಾದರೂ "ಮುಂದೆ ಉಪಯೋಗಕ್ಕೆ ಬರುತ್ತೆ" ಎಂಬ ಭರವಸೆಯ ಮೇಲೆ ನಿಂತಿದ್ದರೆ ಆ ಕಥೆ ತಪ್ಪು. ವಿಕಾಸಕ್ಕೆ ಮುಂದಾಲೋಚನೆ ಇಲ್ಲ. ಇವತ್ತು ಲಾಭ ಇರಬೇಕು, ಈ ತಲೆಮಾರಿಗೇ ಇರಬೇಕು. ಕನಿಷ್ಠ ನಷ್ಟವಾದರೂ ಇರಬಾರದು.

ಸುಮ್ನೆ ಬೀಳುವುದರಲ್ಲೂ ಲಾಭ ಇರುತ್ತದೆಯೇ? ಇರುತ್ತದೆ. ಅಮೆರಿಕ ಖಂಡದ ಮಳೆಕಾಡುಗಳಲ್ಲಿ ಮರದ ತಲೆಯಲ್ಲಿ ಬದುಕುವ ಸೆಫಲೋಟಿಸ್ ಅಟ್ರಾಟಸ್ ಎಂಬ ಕಪ್ಪು ಇರುವೆ ಇದೆ. ಕೆಲಸಗಾರ ಇರುವೆಗಳಿಗೆ ರೆಕ್ಕೆಯ ಸುಳಿವೂ ಇಲ್ಲ. ಕೊಂಬೆಯಿಂದ ಬಿದ್ದರೆ ಮೊದಲು ನೇರ ಬೀಳುತ್ತವೆ, ಆಮೇಲೆ ತಿರುಗಿಕೊಂಡು ಹಿಂಬದಿ ಮುಂದಾಗಿ ಜಾರುತ್ತಾ ಬಂದು ಅದೇ ಮರದ ಕಾಂಡಕ್ಕೆ ಅಂಟಿಕೊಳ್ಳುತ್ತವೆ. 2005ರಲ್ಲಿ ಸ್ಟೀಫನ್ ಯಾನೊವಿಯಾಕ್, ರಾಬರ್ಟ್ ಡಡ್ಲಿ, ಮೈಕಲ್ ಕಾಸ್ಪರಿ ಸೇರಿ ಇದನ್ನು ವರದಿ ಮಾಡಿದರು. ಯೋಚಿಸಿ, ಕಾಡಿನ ನೆಲಕ್ಕೆ ಬಿದ್ದ ಇರುವೆ ಮನೆ ಸೇರುವುದು ಅನುಮಾನವೇ. ಕಾಲನ್ನು ಸ್ವಲ್ಪ ಹೀಗೆ ಹಿಡಿದರೆ ಕಾಂಡ ಸಿಗುತ್ತದೆ ಅಂದರೆ ಆ "ಸ್ವಲ್ಪ" ಸಣ್ಣ ಲಾಭವೇನಲ್ಲ. ರೆಕ್ಕೆಗಿಂತ ಮೊದಲು ಬಂದದ್ದು ಬೀಳುವಾಗ ದಿಕ್ಕು ಹಿಡಿಯುವ ಜಾಣತನ ಎಂದು ನನಗೆ ಬಲವಾಗಿ ಅನಿಸುವುದು ಈ ಇರುವೆಯಿಂದಲೇ.

ಹಕ್ಕಿಗಳ ವಿಷಯದಲ್ಲಿ ಹಳೇ ಜಗಳವೊಂದಿದೆ. ಮರದಿಂದ ಕೆಳಕ್ಕೆ ತೇಲುತ್ತಾ ಹಾರಾಟ ಬಂತು ಅನ್ನುವವರು ಒಂದು ಕಡೆ, ನೆಲದಲ್ಲಿ ಓಡುತ್ತಾ ಮೇಲಕ್ಕೆ ಎದ್ದವು ಅನ್ನುವವರು ಇನ್ನೊಂದು ಕಡೆ. 2003ರಲ್ಲಿ ಕೆನ್ ಡಯಲ್ ಎಂಬ ಜೀವಶಾಸ್ತ್ರಜ್ಞ ಚುಕಾರ್ ಎಂಬ ಕವುಜುಗದ ಮರಿಗಳನ್ನು ನೋಡಿ ಮೂರನೇ ದಾರಿ ತೋರಿಸಿದ. ಹಾರಲು ಬಾರದ ಮರಿಗಳು ಕಡಿದಾದ ಇಳಿಜಾರು ಹತ್ತುವಾಗ ಪುಟ್ಟ ರೆಕ್ಕೆಗಳನ್ನು ಬಡಿಯುತ್ತವೆ. ಹಾರಲಿಕ್ಕಲ್ಲ, ಪಾದ ಜಾರದಂತೆ ಮೈಯನ್ನು ಇಳಿಜಾರಿಗೆ ಒತ್ತಿಕೊಳ್ಳಲಿಕ್ಕೆ! ರೆಕ್ಕೆ ಬೆಳೆದಷ್ಟೂ ಇನ್ನೂ ಕಡಿದಾದ ಜಾಗ ಹತ್ತಬಲ್ಲವು. ಗರಿ ಕತ್ತರಿಸಿದಾಗ ಅಷ್ಟು ಹತ್ತಲಾಗಲಿಲ್ಲ. ಅಂದರೆ ಕಾಲು ಭಾಗ ರೆಕ್ಕೆಗೆ ಕಾಲು ಭಾಗ ಲಾಭ, ಅರ್ಧಕ್ಕೆ ಅರ್ಧ. ಡೈನೋಸಾರ್‌ಗಳೂ ಹೀಗೇ ಮಾಡುತ್ತಿದ್ದವು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಮೈವಾರ್ಟ್‌ನ ಪ್ರಶ್ನೆಗೆ ಜೀವಂತ ಉತ್ತರವೊಂದು ಕಣ್ಣೆದುರೇ ಓಡಾಡುತ್ತಿದೆ.

ಐದನೇ ಹೆಜ್ಜೆ: ಆಕಾರ ನೋಡಿ ವಿಳಾಸ ಹೇಳಿ

ರೆಕ್ಕೆಯ ಆಕಾರ ಗೊತ್ತಾದರೆ ಆ ಪ್ರಾಣಿ ಎಲ್ಲಿ ಬದುಕುತ್ತದೆ, ಹೇಗೆ ಹೊಟ್ಟೆ ಹೊರೆಯುತ್ತದೆ ಎಂದು ಮುಕ್ಕಾಲು ಪಾಲು ಊಹಿಸಬಹುದು. ಅಭ್ಯಾಸ ಆಗುವವರೆಗೆ ಹಕ್ಕಿಯ ಕಪ್ಪು ನೆರಳು ಮಾತ್ರ ಕಾಣುವ ಚಿತ್ರಗಳನ್ನು ನೋಡಿ, ಬಣ್ಣ ದಾರಿ ತಪ್ಪಿಸುತ್ತದೆ.

ಉದ್ದ ಮತ್ತು ಸಪೂರ ರೆಕ್ಕೆ ಕಂಡರೆ ಬಯಲು ಗಾಳಿ, ಬಹುಶಃ ಕಡಲು. ಅಲೆಮಾರಿ ಆಲ್ಬಟ್ರಾಸ್‌ನ ರೆಕ್ಕೆಗಳ ಹರವು 3.5 ಮೀಟರ್‌ವರೆಗೂ ಹೋಗುತ್ತದೆ. ಅಲೆಗಳ ಹತ್ತಿರ ಗಾಳಿ ನಿಧಾನ, ಮೇಲೆ ಜೋರು. ಈ ವ್ಯತ್ಯಾಸವನ್ನೇ ಹಿಡಿದು ಏರುತ್ತಾ ಇಳಿಯುತ್ತಾ ರೆಕ್ಕೆ ಬಡಿಯದೆ ಮೈಲಿಗಟ್ಟಲೆ ಹೋಗುತ್ತದೆ. ರೆಕ್ಕೆ ಚಾಚಿ ಹಿಡಿಯಲು ಹೆಗಲಿನಲ್ಲಿ ಬೀಗದಂಥ ಏರ್ಪಾಡಿದೆ, ಸ್ನಾಯು ದಣಿಯುವುದಿಲ್ಲ. ಅದೇ ರೆಕ್ಕೆ ಕಾಡಿನೊಳಗೆ ಶುದ್ಧ ತಲೆನೋವು, ಕೊಂಬೆಗೆ ಸಿಕ್ಕಿಕೊಳ್ಳುತ್ತದೆ.

ಅಗಲ ರೆಕ್ಕೆ, ತುದಿಯಲ್ಲಿ ಬೆರಳು ಬಿಡಿಸಿದಂತೆ ಗರಿಗಳು: ರಣಹದ್ದು, ಹದ್ದು. ಬಿಸಿಗಾಳಿಯ ಕಂಬ ಹಿಡಿದು ಸುತ್ತುತ್ತಾ ಏರುವವರು. ಕುಡುಗೋಲಿನಂಥ ರೆಕ್ಕೆ: ಬಾನಾಡಿ (ಸ್ವಿಫ್ಟ್), ವೇಗದ ಗಿರಾಕಿ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2016ರಲ್ಲಿ ತೋರಿಸಿದಂತೆ ಸಾಮಾನ್ಯ ಬಾನಾಡಿಗಳಲ್ಲಿ ಕೆಲವು ವರ್ಷಕ್ಕೆ 10 ತಿಂಗಳು ಎಲ್ಲೂ ಇಳಿಯದೆ ಗಾಳಿಯಲ್ಲೇ ಇರುತ್ತವೆ. ಗಿಡ್ಡ, ದುಂಡು ರೆಕ್ಕೆ: ಪೊದೆ, ಕಾಡು, ಥಟ್ಟನೆ ಏಳಬೇಕು, ಥಟ್ಟನೆ ತಿರುಗಬೇಕು. ಗೂಬೆಯ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲುಗಳಿರುತ್ತವೆ, ಗಾಳಿಯ ಸದ್ದು ಅಡಗುತ್ತದೆ, ಇಲಿಗೆ ಗೊತ್ತೇ ಆಗುವುದಿಲ್ಲ.

ಹೊಂದಿಕೆ ಅಂದರೆ ಕೋಟಿ ವರ್ಷದ ಹಿಂದಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ನೆಬ್ರಾಸ್ಕಾದಲ್ಲಿ ಬಂಡೆ ಕವಲುತೋಕೆ ಹಕ್ಕಿಗಳು ರಸ್ತೆ ಸೇತುವೆಗಳ ಕೆಳಗೆ ಗೂಡು ಕಟ್ಟುತ್ತವೆ. ಚಾರ್ಲ್ಸ್ ಬ್ರೌನ್ ಮತ್ತು ಮೇರಿ ಬ್ರೌನ್ 30 ವರ್ಷ ಕಾಲ ವಾಹನಕ್ಕೆ ಸಿಕ್ಕಿ ಸತ್ತ ಹಕ್ಕಿಗಳನ್ನು ಎಣಿಸುತ್ತಾ, ಅಳೆಯುತ್ತಾ ಬಂದರು. ಹಕ್ಕಿಗಳ ಸಂಖ್ಯೆ ಹೆಚ್ಚಿದರೂ ಸಾವು ಕಮ್ಮಿಯಾಗುತ್ತಾ ಹೋಯಿತು. ಸತ್ತವುಗಳ ರೆಕ್ಕೆ ಉದ್ದ, ಬದುಕಿದವುಗಳ ರೆಕ್ಕೆ ಸರಾಸರಿಯಲ್ಲಿ ಗಿಡ್ಡವಾಗುತ್ತಾ ಬಂತು. ಗಿಡ್ಡ ರೆಕ್ಕೆಯಿದ್ದರೆ ರಸ್ತೆಯಿಂದ ನೆಟ್ಟಗೆ ಬೇಗ ಏಳಬಹುದು, ಲಾರಿಯಿಂದ ತಪ್ಪಿಸಿಕೊಳ್ಳಬಹುದು. 2013ರಲ್ಲಿ ಇದು ಪ್ರಕಟವಾಯಿತು. ಇದರಲ್ಲಿ ಬೇರೆ ಕಾರಣಗಳ ಪಾಲೂ ಇರಬಹುದು ಎಂದು ಅವರೇ ಎಚ್ಚರಿಸಿದ್ದಾರೆ, ನಿಮ್ಮ ಟಿಪ್ಪಣಿಯಲ್ಲೂ ಆ ಎಚ್ಚರ ಇರಲಿ.

ಆರನೇ ಹೆಜ್ಜೆ: ಖರ್ಚಿನ ಚೀಟಿ ಹುಡುಕಿ

ರೆಕ್ಕೆ ಪುಕ್ಕಟೆ ಬರುವುದಿಲ್ಲ. ಪೊರೆ ಹೊತ್ತು ಮರ ಹತ್ತಬೇಕು. ಬಾವಲಿಯ ಬೆರಳುಗಳು ರೆಕ್ಕೆಯಾದ ಮೇಲೆ ಆ ಕೈಯಿಂದ ಹಿಡಿಯುವ ಕೆಲಸ ಹೋಯಿತು. ಖರ್ಚು ಎಷ್ಟು ಎಂದು ಚೆನ್ನಾಗಿ ಗೊತ್ತಾಗುವುದು ರೆಕ್ಕೆಯನ್ನು ಎರಡು ಕೆಲಸಕ್ಕೆ ದುಡಿಸುವ ಪ್ರಾಣಿಯಲ್ಲಿ. ದಪ್ಪ ಕೊಕ್ಕಿನ ಮರ್ ಎಂಬ ಕಡಲಹಕ್ಕಿ ಗಾಳಿಯಲ್ಲಿ ಹಾರುವುದೂ ಅದೇ ರೆಕ್ಕೆಯಿಂದ, ನೀರೊಳಗೆ ಮುಳುಗಿ ಈಜುವುದೂ ಅದೇ ರೆಕ್ಕೆಯಿಂದ. 2013ರ ಒಂದು ಅಧ್ಯಯನ ಅಳೆದು ನೋಡಿದಾಗ, ಹಾರುವಾಗ ಅದು ಸುಮ್ಮನಿರುವುದಕ್ಕಿಂತ 31 ಪಟ್ಟು ಶಕ್ತಿ ಸುಡುತ್ತಿತ್ತು. ನೀರಿಗೆ ಇನ್ನಷ್ಟು ಒಗ್ಗಿದರೆ ಗಾಳಿ ಕೈಬಿಡಲೇಬೇಕು. ಪೆಂಗ್ವಿನ್ ಮಾಡಿದ್ದು ಅದನ್ನೇ. ಪೆಂಗ್ವಿನ್ ಹಾರಾಟ ಮರೆತ ಹಕ್ಕಿ ಎಂದು ಮರುಕಪಡುವವರನ್ನು ಕಂಡರೆ ನನಗೆ ನಗು ಬರುತ್ತದೆ, ಅದು ಲೆಕ್ಕ ಸರಿಮಾಡಿಕೊಂಡ ಹಕ್ಕಿ.

ದ್ವೀಪಗಳಲ್ಲಿ ಇದೇ ಕಥೆ ಮತ್ತೆ ಮತ್ತೆ ಸಿಗುತ್ತದೆ. ಬೇಟೆಗಾರರಿಲ್ಲದ ಕಡೆ ಹಾರಾಟ ದಂಡದ ಖರ್ಚು. ಗಲಾಪಗೋಸ್‌ನ ನೀರುಕಾಗೆ, ನ್ಯೂಜಿಲೆಂಡಿನ ಕಾಕಪೋ ಗಿಳಿ ನೆಲಕ್ಕಿಳಿದವು. ಮದೀರಾ ದ್ವೀಪದ ಸುಮಾರು 550 ಬಗೆಯ ಜೀರುಂಡೆಗಳಲ್ಲಿ 200 ಬಗೆಗೆ ಹಾರಲಾಗದು ಎಂದು ಡಾರ್ವಿನ್ ಬರೆದ. ಅಲ್ಲಿನ ಗಾಳಿಗೆ ಹಾರುವ ಹುಳ ಕಡಲುಪಾಲು ಎಂಬುದು ಅವನ ವಿವರಣೆ.

ರೆಕ್ಕೆಗೆ ಮೂರನೇ ಕೆಲಸವೂ ಇರಬಹುದು, ಮರೆಯಬೇಡಿ. ಹವಾಯಿಯ ಕವಾಯಿ ದ್ವೀಪದಲ್ಲಿ ಮಿಡತೆಯಂಥ ಗಂಡು ಚಿಮ್ಮಂಡೆಗಳು ರೆಕ್ಕೆ ಉಜ್ಜಿ ಹಾಡುತ್ತಿದ್ದವು. ಆ ಹಾಡು ಕೇಳಿಸಿಕೊಂಡು ಬಂದ ಒಂದು ಪರಾವಲಂಬಿ ನೊಣ ಅವುಗಳ ಮೇಲೆ ಮರಿ ಬಿಡುತ್ತಿತ್ತು, ಮರಿಗಳು ಒಳಹೊಕ್ಕು ತಿನ್ನುತ್ತಿದ್ದವು. 20 ತಲೆಮಾರಿನಷ್ಟರಲ್ಲಿ ಅಲ್ಲಿನ ಗಂಡುಗಳಲ್ಲಿ 90 ಶೇಕಡಕ್ಕೂ ಹೆಚ್ಚು ಮೂಕವಾದವು. ರೆಕ್ಕೆ ಇದೆ, ಹಾಡುವ ಗೀರು ಇಲ್ಲ.

ಏಳನೇ ಹೆಜ್ಜೆ: ನೆಂಟಸ್ತನವಾ, ಬರೀ ಹೋಲಿಕೆಯಾ?

ಇದನ್ನು ಬೇಗ ಮುಗಿಸೋಣ. ಹಾರುಬೆಕ್ಕನ್ನೂ ಆಸ್ಟ್ರೇಲಿಯಾದ ಶುಗರ್ ಗ್ಲೈಡರನ್ನೂ ಅಕ್ಕಪಕ್ಕ ಇಟ್ಟರೆ ಅಣ್ಣತಮ್ಮಂದಿರು ಅನಿಸುತ್ತದೆ. ಆದರೆ ಶುಗರ್ ಗ್ಲೈಡರ್ ಮರಿಯನ್ನು ಚೀಲದಲ್ಲಿ ಸಾಕುವ ಕಾಂಗರೂ ಕಡೆಯ ಪ್ರಾಣಿ. ಪೊರೆಯ ಅಂಚು ನೋಡಿದರೆ ಗುಟ್ಟು ಬಯಲಾಗುತ್ತದೆ. ಹಾರುಬೆಕ್ಕಿನ ಮಣಿಕಟ್ಟಿನಿಂದ ಒಂದು ಮೃದ್ವಸ್ಥಿಯ ಕಡ್ಡಿ ಹೊರಟು ಪೊರೆಯನ್ನು ಅಗಲ ಮಾಡುತ್ತದೆ. ಶುಗರ್ ಗ್ಲೈಡರ್‌ಗೆ ಆ ಕಡ್ಡಿ ಇಲ್ಲ, ಪೊರೆ ಕಿರುಬೆರಳಿಗೇ ಅಂಟಿದೆ. ಆಫ್ರಿಕಾದ ಅನೊಮಲ್ಯೂರ್ ಎಂಬ ತೇಲುವ ದಂಶಕಕ್ಕೆ ಕಡ್ಡಿ ಹೊರಡುವುದು ಮೊಣಕೈಯಿಂದ. ಒಂದೇ ತೊಂದರೆಗೆ ಮೂವರು ಹುಡುಕಿಕೊಂಡ ಮೂರು ಉಪಾಯ. ಹಾಗಾಗಿ ಒಟ್ಟು ಆಕಾರ ನೋಡಿ ಮೋಸ ಹೋಗಬೇಡಿ, ಆಧಾರದ ಕಡ್ಡಿ ಎಲ್ಲಿಂದ ಹೊರಟಿದೆ ನೋಡಿ.

ಬರೆಯುವಾಗ ಆಗುವ ಒಂದು ತಪ್ಪು

"ಹಾರಬೇಕು ಅಂತ ಓತಿ ಪಕ್ಕೆಲುಬು ಬೆಳೆಸಿಕೊಂಡಿತು" ಅಂತ ಬರೆದಿದ್ದರೆ ಹೊಡೆದುಹಾಕಿ. ಮಾತಿನಲ್ಲಿ ನಾವೆಲ್ಲ ಹಾಗೇ ಅನ್ನುತ್ತೇವೆ, ಈ ಬರಹದಲ್ಲೇ ನಾನೂ ಒಂದೆರಡು ಕಡೆ ಅಂದಿದ್ದೇನೆ. ಆದರೆ ಯಾವ ಓತಿಯೂ ಏನನ್ನೂ ಬಯಸಲಿಲ್ಲ. ಪಕ್ಕೆಲುಬು ಸ್ವಲ್ಪ ಉದ್ದವಿದ್ದ ಓತಿಗಳು ಬಿದ್ದಾಗ ಬದುಕಿದವು, ಅವುಗಳ ಮರಿಗಳೂ ಹಾಗೇ ಇದ್ದವು. ವಾಕ್ಯವನ್ನು ಹೀಗೆ ತಿರುಗಿಸಿ ಬರೆದಾಗ ಅರ್ಥ ಆಗದಿದ್ದ ಎಷ್ಟೋ ವಿಷಯ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎರಡು ಪ್ರಾಣಿಗಳ ಮೇಲೆ ಪ್ರಯೋಗ

ಮೊದಲು ಬಾವಲಿ. ಹಾರುತ್ತದಾ? ಹೌದು, ನಿಜವಾದ ಹಾರಾಟ. ಅಂಗ? ನಾಲ್ಕು ಬೆರಳು ಮತ್ತು ಚರ್ಮ. ಮೊದಲಿನ ಕೆಲಸ? ಇಲ್ಲಿ ಅಮೆರಿಕದ ವಯೋಮಿಂಗ್‌ನಲ್ಲಿ ಸಿಕ್ಕ, ಸುಮಾರು 5.2 ಕೋಟಿ ವರ್ಷ ಹಳೆಯ ಒನಿಕೊನಿಕ್ಟೆರಿಸ್ ಎಂಬ ಬಾವಲಿ ಸಹಾಯಕ್ಕೆ ಬರುತ್ತದೆ. 2008ರಲ್ಲಿ ವಿವರಿಸಿದ ಈ ಪಳೆಯುಳಿಕೆಯಲ್ಲಿ ರೆಕ್ಕೆ ಆಗಲೇ ರೆಕ್ಕೆಯೇ. ಆದರೆ ಐದೂ ಬೆರಳಿಗೆ ಉಗುರಿದೆ, ಈಗಿನ ಬಹುಪಾಲು ಬಾವಲಿಗಳಿಗೆ ಒಂದೋ ಎರಡೋ ಬೆರಳಿಗೆ ಮಾತ್ರ ಇರುತ್ತದೆ. ಹಿಂಗಾಲು ಉದ್ದ, ಮುಂಗೈ ಗಿಡ್ಡ. ಕೊಂಬೆ ಹಿಡಿದು ಹತ್ತುತ್ತಿದ್ದ ಪ್ರಾಣಿಯ ಕೈ ಎಂದು ಆ ಉಗುರುಗಳೇ ಹೇಳುತ್ತವೆ. ಪೂರ್ತಿ ಹಾರದ, ಬರೀ ತೇಲುತ್ತಿದ್ದ ಬಾವಲಿಯ ಪಳೆಯುಳಿಕೆ ಇನ್ನೂ ಯಾರಿಗೂ ಸಿಕ್ಕಿಲ್ಲ, ಹಾಗಾಗಿ ನಾಲ್ಕನೇ ಹೆಜ್ಜೆಯ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಬರೆಯಿರಿ.

ಎರಡನೆಯದು ನೊಣ. ಎಲ್ಲ ಕೀಟಗಳಿಗೆ ನಾಲ್ಕು ರೆಕ್ಕೆ ಅಂತ ಕಲಿತಿದ್ದರೆ ನೊಣ ಗಲಿಬಿಲಿ ಮಾಡುತ್ತದೆ, ಅದಕ್ಕೆ ಎರಡೇ. ಉಳಿದೆರಡು ಎಲ್ಲಿ ಹೋದವು? ರೆಕ್ಕೆಯ ಹಿಂದೆ, ಬುಡದಲ್ಲಿ, ಕಡ್ಡಿಯ ತುದಿಗೆ ಗುಂಡು ಸಿಕ್ಕಿಸಿದಂತೆ ಎರಡು ಪುಟ್ಟ ಗದೆಗಳಿವೆ. ನೊಣದಲ್ಲಿ ಕಾಣುವುದು ಕಷ್ಟ. ಗೋಡೆಯ ಮೇಲೆ ಕೂರುವ ಉದ್ದ ಕಾಲಿನ, ದೊಡ್ಡ ಸೊಳ್ಳೆಯಂಥ ಹುಳದಲ್ಲಿ ಬರಿಗಣ್ಣಿಗೇ ಕಾಣುತ್ತವೆ, ಫೋನಿನಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆದು ದೊಡ್ಡದು ಮಾಡಿ. ಅವು ಹಿಂದಿನ ಜೋಡಿ ರೆಕ್ಕೆಗಳೇ. ಹಾರುವಾಗ ರೆಕ್ಕೆಯ ಜೊತೆಗೇ ಬಡಿಯುತ್ತಾ, ಮೈ ಯಾವ ಕಡೆ ತಿರುಗಿತು ಎಂದು ಕ್ಷಣಕ್ಷಣಕ್ಕೂ ವರದಿ ಕೊಡುತ್ತವೆ. ರೆಕ್ಕೆಯಾಗಿದ್ದದ್ದು ಸಮತೋಲದ ಅಂಗವಾಯಿತು. ಮೂರನೇ ಹೆಜ್ಜೆಯನ್ನು ಇಲ್ಲಿ ಉಲ್ಟಾ ಹಾಕಬೇಕು, ರೆಕ್ಕೆಯೇ ಹಳೇ ಕೆಲಸ.

ಹಾಗಾದರೆ ಕೀಟದ ರೆಕ್ಕೆ ಅದಕ್ಕೂ ಮೊದಲು ಏನಾಗಿತ್ತು? ಇಲ್ಲಿ ಪರಿಣತರೇ ಒಮ್ಮತಕ್ಕೆ ಬಂದಿಲ್ಲ. ಬೆನ್ನಿನ ಚಿಪ್ಪು ಪಕ್ಕಕ್ಕೆ ಚಾಚಿಕೊಂಡು ರೆಕ್ಕೆಯಾಯಿತು ಅಂತ ಕೆಲವರು, ಕಾಲಿನ ಬುಡದ ಭಾಗಗಳು ಮೇಲಕ್ಕೆ ಸರಿದವು ಅಂತ ಕೆಲವರು, ಕಿವಿರುಗಳು ಅಂತ ಕೆಲವರು, ಬೆನ್ನಿನ ಚಿಪ್ಪೂ ಕಾಲಿನ ಬುಡವೂ ಬೆರೆತವು ಅಂತ ಇನ್ನು ಕೆಲವರು. ನಿಮಗೆ ಯಾವುದು ಸರಿ ಅನಿಸುತ್ತದೋ ನೋಡಲು ಮೇಫ್ಲೈ ಎಂಬ ಕೀಟದ ಮರಿಯ ವಿಡಿಯೋ ಹುಡುಕಿ. ಅದು ಬೆಳೆಯುವುದು ನೀರಲ್ಲಿ. ಹೊಟ್ಟೆಯ ಎರಡೂ ಪಕ್ಕ ಸಾಲಾಗಿ ತೆಳ್ಳನೆಯ ಎಲೆಗಳಂಥ ಕಿವಿರುಗಳು, ಅವನ್ನು ಅಲೆಯಲೆಯಾಗಿ ಬಡಿಯುತ್ತಾ ಕೂತಿರುತ್ತದೆ. ವಿಡಿಯೋವನ್ನು ನಿಧಾನ ಮಾಡಿ, ಆ ಬಡಿತವನ್ನೇ ನೋಡುತ್ತಾ ಹೋಗಿ.